ಕಲ್ಲಿನ ನೋವು ಎಂದುಕೊಂಡ ರಕ್ತನಾಳದ ನೋವು

ಪ್ರಾಸ್ಟೇಟ್ ತೊಂದರೆಗೆಂದು ಮಾಡಿಸಿದ ಸ್ಕ್ಯಾನಿಂಗ್ ವರದಿಯಲ್ಲಿ ಪ್ರಾಸ್ಟೇಟಿನ ಬಗ್ಗೆ ಬರೆದದ್ದು ಎರಡೇ ಸಾಲು. ಮೇಷ್ಟ್ರ ನಿದ್ದೆ ಕೆಡಿಸಿದ್ದು ಅದರ ಕೆಳಗಿನ ಸಾಲು: ಹೊಟ್ಟೆಯ ಮಹಾಪಧಮನಿಯ ಅಗಲ 3.6 ಸೆಂಟಿಮೀಟರ್, ಅನ್ಯೂರಿಸಂ. ಮಂಡ್ಯ ಕಡೆಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಮಹಾಪಧಮನಿ ಗೊತ್ತು, ಮೂತ್ರಪಿಂಡವೂ ಗೊತ್ತು. ಆದರೆ ಪಠ್ಯಪುಸ್ತಕದಲ್ಲಿ ಅವೆರಡೂ ಬೇರೆ ಬೇರೆ ಪಾಠಗಳಲ್ಲಿ ಬರುತ್ತಿದ್ದವು. ಒಂದೇ ವರದಿಯಲ್ಲಿ ಒಟ್ಟಿಗೆ ಬಂದದ್ದನ್ನು ಅವರು ನೋಡಿದ್ದು ಇದೇ ಮೊದಲು. ಅವರ ಕೈಯಲ್ಲಿ ಓದಿದ ಹುಡುಗಿಯೊಬ್ಬರು ಈಗ ಬೆಂಗಳೂರಿನಲ್ಲಿ ರಕ್ತನಾಳಗಳ ಶಸ್ತ್ರವೈದ್ಯೆ. ಹಬ್ಬಕ್ಕೆ ಊರಿಗೆ ಬಂದವರು ಮೇಷ್ಟ್ರನ್ನು ಕಾಣಲು ಬಂದಾಗ, ಕಾಫಿ ಬರುವ ಮೊದಲೇ ವರದಿ ಅವರ ಕೈ ಸೇರಿತು.

"ನಾನು ಹೋಗಿದ್ದು ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತಲ್ಲ ಅಂತ. ಈ ರಕ್ತನಾಳದ ಮಾತು ಎಲ್ಲಿಂದ ಬಂತಮ್ಮ?"

"ಸ್ಕ್ಯಾನ್ ಮಾಡಿದವರು ಪುಣ್ಯಾತ್ಮರು ಮೇಷ್ಟ್ರೇ. ಕಿಡ್ನಿ, ಮೂತ್ರಕೋಶ, ಪ್ರಾಸ್ಟೇಟ್ ನೋಡಿ ಮುಗಿಸದೆ ಹೊಟ್ಟೆಯ ನಡುಭಾಗಕ್ಕೂ ಕೈ ಆಡಿಸಿದ್ದಾರೆ. ಎಷ್ಟೋ ಜನಕ್ಕೆ ಈ ಕಾಯಿಲೆ ಗೊತ್ತಾಗೋದೇ ಹೀಗೆ, ಮೂತ್ರದ ತೊಂದರೆಗೆ ಅಂತ ಹೋದಾಗ."

"ಒಡೆದು ಹೋಗುತ್ತಾ?"

ವೈದ್ಯೆ ಆ ಪ್ರಶ್ನೆಗೆ ನೇರವಾಗಿಯೇ ಉತ್ತರಿಸಿದರು. ಹೊಟ್ಟೆಯಲ್ಲಿ ಮಹಾಪಧಮನಿಯ ಸಹಜ ಅಗಲ ಸುಮಾರು 2 ಸೆಂ.ಮೀ. ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ ಎನ್ನುತ್ತಾರೆ. ಗಂಡಸರಲ್ಲಿ 5.5 ಸೆಂ.ಮೀ. ತಲುಪುವವರೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಹೆಂಗಸರಲ್ಲಿ ಈ ಕಾಯಿಲೆ ಕಡಿಮೆ, ಆದರೆ ಅವರಲ್ಲಿ ಸಣ್ಣ ಗಾತ್ರಕ್ಕೇ ಒಡೆಯುವುದರಿಂದ 5 ಸೆಂ.ಮೀ.ಗೇ ಯೋಚಿಸುತ್ತಾರೆ. 4ರಿಂದ 5.5 ಸೆಂ.ಮೀ. ಗಾತ್ರದವರಿಗೆ ಮೊದಲೇ ಆಪರೇಷನ್ ಮಾಡುವುದರಿಂದ ಆಯಸ್ಸೇನೂ ಹೆಚ್ಚುವುದಿಲ್ಲ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 1998ರಲ್ಲೇ ತೋರಿಸಿಕೊಟ್ಟಿದೆ. ಮೇಷ್ಟ್ರ ಅಳತೆಯವರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ, ರಕ್ತದೊತ್ತಡ ಹತೋಟಿಯಲ್ಲಿಟ್ಟುಕೊಂಡು, ಬೀಡಿ ಸಿಗರೇಟು ಮುಟ್ಟದೆ ಇದ್ದರೆ ಸಾಕು.

"ಬೀಡಿ ಬಿಟ್ಟು ಹದಿನೈದು ವರ್ಷ ಆಯ್ತು."

"ಒಳ್ಳೇದಾಯ್ತು. ಸೇದಿದ ಕಾಲದ ಲೆಕ್ಕ ಪೂರ್ತಿ ಅಳಿಯಲ್ಲ. ಆದರೆ ಬಿಟ್ಟವರಲ್ಲಿ ಇದು ನಿಧಾನವಾಗಿ ಬೆಳೆಯುತ್ತೆ."

ಭಯ ಇಳಿದ ಮೇಲೆ ಮೇಷ್ಟ್ರ ಕುತೂಹಲ ಮೇಲೆದ್ದಿತು. ಉಬ್ಬಿದ ರಕ್ತನಾಳ ತನ್ನ ಪಾಡಿಗೆ ತಾನು ಬೆನ್ನೆಲುಬಿನ ಮುಂದೆ ಕೂತಿದ್ದರೆ ಮೂತ್ರದ ದಾರಿಗೆ ಅದರಿಂದೇನು?

ವೈದ್ಯೆ ವರದಿಯ ಹಿಂಬದಿಯಲ್ಲಿ ಗೆರೆ ಎಳೆದರು. ನಡುವೆ ನೇರವಾಗಿ ಇಳಿಯುವ ಮಹಾಪಧಮನಿ. ಅದರಿಂದ ಎಡಕ್ಕೂ ಬಲಕ್ಕೂ ಹೊರಟು ಮೂತ್ರಪಿಂಡಗಳಿಗೆ ಹೋಗುವ ರಕ್ತನಾಳಗಳು. ಹೊಕ್ಕುಳಿನ ಮಟ್ಟದಲ್ಲಿ ಮಹಾಪಧಮನಿ ಎರಡಾಗಿ ಸೀಳಿ, ಇಲಿಯಾಕ್ ಎಂಬ ಹೆಸರಿನಲ್ಲಿ ಸೊಂಟದೊಳಕ್ಕೂ ಕಾಲುಗಳತ್ತಲೂ ಸಾಗುತ್ತದೆ. ಆಮೇಲೆ ಎರಡು ಪಕ್ಕಗಳಲ್ಲಿ ಸಣ್ಣ ಗೆರೆ: ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಸುಮಾರು 25 ಸೆಂ.ಮೀ. ಇಳಿಯುವ ಮೂತ್ರನಾಳಗಳು. ಅವು ಕೆಲವೇ ಮಿಲಿಮೀಟರ್ ದಪ್ಪ. ಮಹಾಪಧಮನಿಯ ಅಕ್ಕಪಕ್ಕದಲ್ಲೇ ಇಳಿದು, ಸೊಂಟದ ಅಂಚಿನಲ್ಲಿ ಇಲಿಯಾಕ್ ಅಪಧಮನಿಯ ಮೈಮೇಲೆಯೇ ಹಾದು ಆಚೆ ಹೋಗುತ್ತವೆ.

"ನೋಡಿ, ಅನ್ಯೂರಿಸಂ ಬಹುಪಾಲು ಆಗೋದು ಕಿಡ್ನಿಯ ರಕ್ತನಾಳ ಹೊರಟ ಜಾಗದಿಂದ ಕೆಳಗೆ, ಕವಲಿನವರೆಗೆ. ಕೆಲವರಲ್ಲಿ ಇಲಿಯಾಕ್‌ಗೂ ಹರಡುತ್ತೆ. ಮೂತ್ರನಾಳ ಇಳಿಯೋ ದಾರಿಯೂ ಅದೇ. ಕರುಳು ಇರೋ ಚೀಲದ ಹಿಂದೆ, ಬೆನ್ನಿಗೆ ಒತ್ತಿಕೊಂಡ ಇಕ್ಕಟ್ಟಿನ ಜಾಗ ಅದು. ಅಲ್ಲಿ ಒಂದಕ್ಕೆ ಏನಾದರೂ ಇನ್ನೊಂದಕ್ಕೆ ತಗಲುತ್ತೆ."

ಹೇಗೆ ತಗಲುತ್ತದೆ ಎನ್ನುವುದರಲ್ಲಿ ಹಲವು ಬಗೆಗಳಿವೆ. ವೈದ್ಯೆ ಮೊದಲು ಎತ್ತಿಕೊಂಡದ್ದು ಪ್ರಾಣಕ್ಕೆ ಎರವಾಗುವಂಥದ್ದನ್ನು.

ಅರವತ್ತೈದು ದಾಟಿದ, ಬೀಡಿ ಸೇದುವ ಒಬ್ಬ ರೈತ. ನಡುರಾತ್ರಿ ಎಡ ಪಕ್ಕೆಯಲ್ಲಿ ಸಹಿಸಲಾರದ ನೋವು. ಅದು ಬೆನ್ನಿನಿಂದ ತೊಡೆಸಂದಿಗೆ ಇಳಿಯುತ್ತದೆ. ಮನೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: ಕಲ್ಲು. ಹತ್ತಿರದ ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಬೀಳುತ್ತದೆ, ನೋವು ಅಷ್ಟಕ್ಕಷ್ಟೆ ತಗ್ಗುತ್ತದೆ. ಬೆಳಿಗ್ಗೆ ಮನೆಯಲ್ಲಿ ಬಾಳೆದಿಂಡಿನ ರಸ ತಯಾರಾಗುತ್ತದೆ. ಮಧ್ಯಾಹ್ನ ಬಚ್ಚಲಿಗೆ ಹೋದ ಮನುಷ್ಯ ಅಲ್ಲೇ ಕುಸಿಯುತ್ತಾನೆ.

"ಕಲ್ಲಲ್ಲ ಅದು?"

"ಅಲ್ಲ. ಅನ್ಯೂರಿಸಂ ಬಿರುಕು ಬಿಟ್ಟು ರಕ್ತ ಬೆನ್ನಿನ ಕಡೆಗೆ ಜಿನುಗಿರುತ್ತೆ, ಹೆಚ್ಚಾಗಿ ಎಡಕ್ಕೆ. ಅಲ್ಲಿನ ಅಂಗಾಂಶ ಸುತ್ತ ಒತ್ತಿ ಹಿಡಿದು ಕೆಲವು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ರಕ್ತವನ್ನ ತಡೆಯುತ್ತೆ. ಆ ಹೊತ್ತೇ ನಮಗೆ ಸಿಗೋ ಅವಕಾಶ. ಹೆಪ್ಪುಗಟ್ಟಿದ ರಕ್ತ ಕಿಡ್ನಿ ಪಕ್ಕದ ನರಗಳನ್ನ ಒತ್ತೋದರಿಂದ ನೋವು ಥೇಟ್ ಕಲ್ಲಿನ ನೋವಿನ ಹಾಗೇ ಇರುತ್ತೆ. ಆ ತಡೆ ಒಡೆದರೆ ಮುಗೀತು."

ಮೇಷ್ಟ್ರು ಒಂದು ದಾರಿ ಹುಡುಕಿದರು. "ಮೂತ್ರ ಪರೀಕ್ಷೆ ಮಾಡಿದರೆ ತಿಳಿಯುತ್ತಲ್ಲ? ಕಲ್ಲಿದ್ದರೆ ರಕ್ತದ ಕಣ ಕಾಣಬೇಕು."

"ಅಲ್ಲೇ ಮೋಸ ಹೋಗೋದು ಮೇಷ್ಟ್ರೇ. ಅನ್ಯೂರಿಸಂ ಒಡೆದವರ ಮೂತ್ರದಲ್ಲೂ ರಕ್ತಕಣ ಕಾಣಬಹುದು. ರಕ್ತಕಣ ಇದೆ, ಆದ್ದರಿಂದ ಕಲ್ಲು ಅಂತ ಬರೆದು ಕಳಿಸಿದರೆ ಪರೀಕ್ಷೆ ಮಾಡಿಯೂ ತಪ್ಪು ದಾರಿ ಹಿಡಿದ ಹಾಗೆ."

ಇದು ಊಹೆಯ ಮಾತಲ್ಲ. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಅನ್ಯೂರಿಸಂ ಒಡೆದು ಬಂದ 152 ರೋಗಿಗಳ ದಾಖಲೆ ತೆರೆದು ನೋಡಿತು. ಅವರಲ್ಲಿ ಶೇಕಡಾ 30ರಷ್ಟು ಜನರ ಕಾಯಿಲೆಯನ್ನು ಮೊದಲು ಬೇರೆ ಏನೋ ಎಂದು ಗುರುತಿಸಲಾಗಿತ್ತು. ಹಾಗೆ ತಪ್ಪಾಗಿ ಗುರುತಿಸಿದ ಕಾಯಿಲೆಗಳ ಸಾಲಿನಲ್ಲಿ ಮುಂಚೂಣಿಯಲ್ಲಿದ್ದದ್ದು ಕಿಡ್ನಿ ಕಲ್ಲಿನ ನೋವೇ. ಒಡೆದ ಮೇಲೆ ಹತ್ತರಲ್ಲಿ ಎಂಟು ಜನ ಉಳಿಯುವುದಿಲ್ಲ, ಅರ್ಧದಷ್ಟು ಜನ ಆಸ್ಪತ್ರೆಯನ್ನೇ ತಲುಪುವುದಿಲ್ಲ ಎಂಬ ಲೆಕ್ಕದ ಎದುರು ಈ ಶೇಕಡಾ 30ನ್ನು ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಗೊತ್ತುಮಾಡಿಕೊಳ್ಳಬಹುದಾಗಿದ್ದ ಹೊತ್ತಿನಲ್ಲೇ ಗೊತ್ತಾಗದೆ ಹೋದ ಪ್ರಕರಣಗಳು ಇವು.

"ಹಾಗಾದರೆ ಗುರುತಿಸೋದು ಹೇಗಮ್ಮ?"

"ಮೊದಲು ವಯಸ್ಸು. ಕಲ್ಲಿನ ಕಾಯಿಲೆ ಇರೋರಿಗೆ ಸಾಮಾನ್ಯವಾಗಿ ಮೂವತ್ತು, ನಲವತ್ತರಲ್ಲೇ ಒಂದಾದರೂ ಸಲ ನೋವು ಬಂದಿರುತ್ತೆ. ಜೀವನದಲ್ಲಿ ಒಮ್ಮೆಯೂ ಕಲ್ಲು ಕಾಣದವರಿಗೆ ಅರವತ್ತು ದಾಟಿದ ಮೇಲೆ ಮೊದಲ ಸಲ ಪಕ್ಕೆನೋವು ಬಂದರೆ, ಅನ್ಯೂರಿಸಂ ಅಲ್ಲ ಅಂತ ಸಾಬೀತಾಗೋವರೆಗೂ ಅದನ್ನ ಅನ್ಯೂರಿಸಂ ಅಂತಲೇ ನೋಡಬೇಕು ಅಂತ ನಮಗೆ ಕಲಿಸ್ತಾರೆ. ನೋವಿನ ಜೊತೆ ತಲೆ ಸುತ್ತಿ ಬಿದ್ದರೆ, ಬಿ.ಪಿ. ಇಳಿದರೆ, ಮೈ ತಣ್ಣಗೆ ಬೆವತರೆ ಒಂದು ನಿಮಿಷವೂ ಕಾಯೋ ಹಾಗಿಲ್ಲ. ಕಲ್ಲಿನ ನೋವಿಗೆ ಸಾಮಾನ್ಯವಾಗಿ ಬಿ.ಪಿ. ಏರುತ್ತೆ, ಇಳಿಯಲ್ಲ."

ಫ್ರಾನ್ಸಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಡಿ ಗಾಲ್ ಅವರ ಹೆಸರು ಬಂದದ್ದು ಇಲ್ಲಿ. 1964ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಕೊಶಾಂ ಆಸ್ಪತ್ರೆಯಲ್ಲಿ ಅವರಿಗೆ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಆಗಿತ್ತು. ಆರು ವರ್ಷದ ಬಳಿಕ, 1970ರ ನವೆಂಬರ್ 9ರ ಸಂಜೆ, ಕೊಲೊಂಬೆ ಹಳ್ಳಿಯ ಮನೆಯಲ್ಲಿ ಇಸ್ಪೀಟಿನ ಎಲೆಗಳ ಮುಂದೆ ಕೂತಿದ್ದಾಗ ಬೆನ್ನಿನಲ್ಲಿ ನೋವು ಎಂದರು, ಕುಸಿದರು. ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಹೋಯಿತು. ಹೊಟ್ಟೆಯ ಮಹಾಪಧಮನಿ ಒಡೆದಿತ್ತು. ಎಂಬತ್ತು ತುಂಬಲು ಎರಡು ವಾರವೂ ಉಳಿದಿರಲಿಲ್ಲ. ಹಿಂದೆ ಎಡೆಬಿಡದೆ ಸಿಗರೇಟು ಸೇದಿ ಬಿಟ್ಟವರು ಅವರು. ಮೂತ್ರವೈದ್ಯರ ಬಳಿಗೆ ಹೋಗುವ ವಯಸ್ಸಾದ ಗಂಡಸರೂ ಅನ್ಯೂರಿಸಂ ಬರುವ ಗಂಡಸರೂ ಬಹುಮಟ್ಟಿಗೆ ಒಂದೇ ಗುಂಪಿನವರು ಎಂಬುದಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಅವರ ಕಾಲದಲ್ಲಿ ಹೊಟ್ಟೆಯ ಮೇಲೆ ಸ್ಕ್ಯಾನರ್ ಇಟ್ಟು ನೋಡುವ ರೂಢಿ ಇರಲಿಲ್ಲ. ಈಗ ತಾಲ್ಲೂಕು ಕೇಂದ್ರಗಳಲ್ಲೂ ಇದೆ.

ಕಾಫಿ ಬಂದಿತ್ತು. ಮೇಷ್ಟ್ರು ಲೋಟ ಹಿಡಿದುಕೊಂಡೇ ಮುಂದಿನ ಪ್ರಶ್ನೆ ಕೇಳಿದರು. "ಒಡೆಯೋದಕ್ಕೆ ಮೊದಲು ಏನೂ ಮಾಡಲ್ವ ಇದು?"

ಮಾಡುತ್ತದೆ. ವೈದ್ಯೆಗೆ ಬಹಳ ಹೊತ್ತು ಮಾತಾಡಬೇಕೆನ್ನಿಸಿದ ಭಾಗ ಇದು.

ಕೆಲವು ಅನ್ಯೂರಿಸಂಗಳ ಗೋಡೆ ತೆಳುವಾಗುವ ಬದಲು ದಪ್ಪವಾಗುತ್ತದೆ. ಮಹಾಪಧಮನಿಯ ಮುಂಭಾಗ, ಪಕ್ಕಗಳಲ್ಲೆಲ್ಲ ಬೆಳ್ಳಗೆ ಹೊಳೆಯುವ ಗಟ್ಟಿ ಪದರ ಬೆಳೆಯುತ್ತದೆ. ಅದು ಹಲಸಿನ ಮೇಣದ ಹಾಗೆ, ಹತ್ತಿರ ಬಂದದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ: ಸಣ್ಣಕರುಳಿನ ಮೊದಲ ಭಾಗ, ದೊಡ್ಡ ಅಭಿಧಮನಿ, ಮೂತ್ರನಾಳ. ಉರಿಯೂತದ ಅನ್ಯೂರಿಸಂ ಎಂದು ಇದನ್ನು ಕರೆಯುತ್ತಾರೆ. ಹೊಟ್ಟೆಯ ಅನ್ಯೂರಿಸಂಗಳಲ್ಲಿ ನೂರಕ್ಕೆ ಐದರಿಂದ ಹತ್ತು ಈ ಬಗೆಯವು. ಇದು ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಧೂಮಪಾನಿಗಳು.

1935ರಲ್ಲಿ ಜೇಮ್ಸ್ ಎಂಬ ಬ್ರಿಟಿಷ್ ವೈದ್ಯರು ಒಬ್ಬ ರೋಗಿಯ ವಿವರವನ್ನು ಮೂತ್ರವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಹಾಪಧಮನಿಯ ಸುತ್ತ ಬೆಳೆದ ನಾರು ಮೂತ್ರನಾಳಗಳನ್ನು ಹಿಸುಕಿ, ಮೂತ್ರ ಇಳಿಯದೆ, ರಕ್ತದಲ್ಲಿ ವಿಷ ತುಂಬಿಕೊಂಡ ಪ್ರಕರಣ ಅದು. ರೋಗ ರಕ್ತನಾಳದ್ದು, ಕೆಟ್ಟದ್ದು ಕಿಡ್ನಿ. ಈ ಬಗೆಯ ಅನ್ಯೂರಿಸಂಗೆ ಈಗಿನ ಹೆಸರು ಬಂದದ್ದು 1972ರಲ್ಲಿ, ವಾಕರ್ ಮತ್ತು ಅವರ ಸಂಗಡಿಗರ ಬರಹದಿಂದ. 2008ರ ಹೊತ್ತಿಗೆ ಜಪಾನಿನ ವೈದ್ಯರು ಇಂಥ ಅನ್ಯೂರಿಸಂಗಳಲ್ಲಿ ಒಂದು ಪಾಲು ಐಜಿಜಿ4 ಎಂಬ ಪ್ರತಿಕಾಯಕ್ಕೆ ಸಂಬಂಧಿಸಿದ ಕಾಯಿಲೆ ಎಂದು ತೋರಿಸಿದರು. ಮೇದೋಜೀರಕ ಗ್ರಂಥಿ, ಜೊಲ್ಲುಗ್ರಂಥಿಗಳನ್ನೂ ಊದಿಸುವ ಕಾಯಿಲೆ ಅದೇ.

"ಒಂದು ಸೋಜಿಗ ಹೇಳ್ತೀನಿ ಕೇಳಿ ಮೇಷ್ಟ್ರೇ. ಐನ್‌ಸ್ಟೈನ್‌ಗೂ ಹೊಟ್ಟೆಯ ಅನ್ಯೂರಿಸಂ ಇತ್ತು ಗೊತ್ತಾ?"

"ಆಲ್ಬರ್ಟ್ ಐನ್‌ಸ್ಟೈನ್‌ಗಾ?"

"ಹೌದು. 1948ರ ಡಿಸೆಂಬರ್. ಹೊಟ್ಟೆನೋವು ಅಂತ ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದರು. ತೆರೆದವರು ರುಡಾಲ್ಫ್ ನಿಸೆನ್, ಆ ಕಾಲದ ದೊಡ್ಡ ಸರ್ಜನ್. ಒಳಗೆ ಉಬ್ಬಿದ ಮಹಾಪಧಮನಿ. ಕತ್ತರಿಸಿ ಬೇರೆ ನಾಳ ಜೋಡಿಸೋ ವಿದ್ಯೆ ಆಗ ಇರಲಿಲ್ಲ. ಅದನ್ನ ಮೊದಲು ಮಾಡಿದ್ದು ಪ್ಯಾರಿಸ್ಸಿನಲ್ಲಿ ಶಾರ್ಲ್ ದುಬೋಸ್ತ್, 1951ರಲ್ಲಿ. ಹಾಗಾಗಿ ನಿಸೆನ್ ಏನು ಮಾಡಿದರು ಗೊತ್ತಾ? ಸೆಲೊಫೇನ್ ಹಾಳೆ ತಗೊಂಡು ರಕ್ತನಾಳದ ಮುಂಭಾಗಕ್ಕೆ ಸುತ್ತಿದರು."

"ಮಿಠಾಯಿ ಸುತ್ತೋ ಹಾಳೆ!"

"ಅದೇ. ಮೈಗೆ ಆ ಹಾಳೆ ಒಗ್ಗಲ್ಲ. ಸುತ್ತ ನಾರು ಬೆಳೆದು ಗೋಡೆ ಗಟ್ಟಿಯಾಗಲಿ ಅನ್ನೋದು ಉಪಾಯ. ಆರು ವರ್ಷಕ್ಕೂ ಮೀರಿ ಬದುಕಿದರು. 1955ರ ಏಪ್ರಿಲ್‌ನಲ್ಲಿ ಅದು ಸೋರೋಕೆ ಶುರುವಾದಾಗ ಮತ್ತೆ ಆಪರೇಷನ್ ಬೇಡ ಅಂದರು. 18ನೇ ತಾರೀಕು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು."

ಮೇಷ್ಟ್ರಿಗೆ ಸೋಜಿಗ ಎಲ್ಲಿದೆ ಎಂದು ತಾವಾಗಿಯೇ ಹೊಳೆಯಿತು. ಐನ್‌ಸ್ಟೈನ್ ಹೊಟ್ಟೆಯೊಳಗೆ ನಿಸೆನ್ ಬೇಕೆಂದೇ ಬೆಳೆಸಲು ನೋಡಿದ ನಾರನ್ನು, ಉರಿಯೂತದ ಅನ್ಯೂರಿಸಂನಲ್ಲಿ ದೇಹ ತಾನಾಗಿಯೇ ಬೆಳೆಸುತ್ತದೆ. ಅದು ರಕ್ತನಾಳಕ್ಕೆ ಒಂದಷ್ಟು ಕವಚ ನಿಜ, ಒಡೆಯುವುದು ಸಾಮಾನ್ಯ ಅನ್ಯೂರಿಸಂಗಿಂತ ಕಡಿಮೆ. ಆದರೂ ನಾರು ತೆಳುವಾಗಿರುವ ಹಿಂಬದಿಯಲ್ಲಿ ಒಡೆಯಬಲ್ಲದು. ಅಷ್ಟರಲ್ಲಿ ಆ ಕವಚದ ಬೆಲೆಯನ್ನು ಮೂತ್ರನಾಳ ತೆತ್ತಿರುತ್ತದೆ.

"ಇದರ ಗುರುತೇನು?"

ಹೊಟ್ಟೆ ಅಥವಾ ಬೆನ್ನಿನಲ್ಲಿ ಬಿಡದ ಮಂದ ನೋವು, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಪರೀಕ್ಷೆಯಲ್ಲಿ ಏರಿದ ಇ.ಎಸ್.ಆರ್. ಈ ಮೂರನ್ನು ಒಟ್ಟಿಗೆ ಕಂಡರೆ ಕ್ಷಯವನ್ನೋ ಕ್ಯಾನ್ಸರನ್ನೋ ಹುಡುಕುತ್ತಾರೆ. ಹುಡುಕುವುದು ಸರಿಯೇ, ಆದರೆ ಮಹಾಪಧಮನಿಯನ್ನೂ ನೋಡಬೇಕು. ಎರಡೂ ಮೂತ್ರನಾಳ ನಿಧಾನವಾಗಿ ಬಿಗಿದರೆ ನೋವು ಇಲ್ಲದೆಯೇ ಕಿಡ್ನಿಗಳು ಊದಿಕೊಳ್ಳುತ್ತವೆ. ಕಾಲು ಊದಿ, ವಾಂತಿ ಶುರುವಾಗಿ, ಕ್ರಿಯಾಟಿನಿನ್ ಏರಿದ ಮೇಲೆ ಡಯಾಲಿಸಿಸ್‌ಗೆಂದು ಬಂದವರಲ್ಲಿ ಕಾರಣ ಪತ್ತೆಯಾದದ್ದೂ ಉಂಟು. ಹಿಂದೆ ಡೈ ಚುಚ್ಚಿ ಎಕ್ಸ್‌ರೇ ತೆಗೆಯುತ್ತಿದ್ದ ಕಾಲದಲ್ಲಿ ಅನುಭವಿ ಕಣ್ಣುಗಳಿಗೆ ಒಂದು ಸುಳಿವು ಸಿಗುತ್ತಿತ್ತು: ಸಾಮಾನ್ಯ ಅನ್ಯೂರಿಸಂ ದೊಡ್ಡದಾದಾಗ ಮೂತ್ರನಾಳವನ್ನು ಹೊರಕ್ಕೆ ತಳ್ಳುತ್ತದೆ, ಉರಿಯೂತದ್ದು ಒಳಕ್ಕೆ, ನಡುಭಾಗಕ್ಕೆ ಎಳೆದುಕೊಳ್ಳುತ್ತದೆ. ಈಗ ಸಿ.ಟಿ. ಸ್ಕ್ಯಾನ್ ಆ ದಪ್ಪ ಪದರವನ್ನೇ ತೋರಿಸುತ್ತದೆ.

ಚಿಕಿತ್ಸೆಯಲ್ಲಿ ಮೊದಲು ಕಿಡ್ನಿ. ಮೂತ್ರಕೋಶದ ಮೂಲಕ ಮೂತ್ರನಾಳದೊಳಗೆ ಸಣ್ಣ ಕೊಳವೆ, ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಡಿಜೆ ಸ್ಟೆಂಟ್ ಎನ್ನುವುದನ್ನು, ತೂರಿಸಿ ಮೂತ್ರಕ್ಕೆ ದಾರಿ ಮಾಡುತ್ತಾರೆ. ಸೋಂಕು ಇಲ್ಲವೆಂದು ಖಚಿತವಾದ ಮೇಲೆ ಕೆಲವರಿಗೆ ಸ್ಟಿರಾಯ್ಡ್ ಕೊಡುತ್ತಾರೆ, ಉರಿಯೂತ ತಗ್ಗುತ್ತದೆ. ರಕ್ತನಾಳ ದೊಡ್ಡದಿದ್ದರೆ ಅದನ್ನು ಸರಿಪಡಿಸಲೇಬೇಕು. ತೊಡೆಸಂದಿಯ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟ್ ಏರಿಸುವ ವಿಧಾನವನ್ನು ಹೊಟ್ಟೆಯ ಅನ್ಯೂರಿಸಂಗೆ ಹುವಾನ್ ಪರೋದಿ ಬ್ಯೂನಸ್ ಐರಿಸ್‌ನಲ್ಲಿ 1990ರ ಸೆಪ್ಟೆಂಬರ್‌ನಲ್ಲಿ ಬಳಸಿದ ಮೇಲೆ, ಅಂಟಿಕೊಂಡ ಅಂಗಗಳ ನಡುವೆ ಕತ್ತರಿ ಆಡಿಸದೆ ಕೆಲಸ ಮುಗಿಸುವ ದಾರಿಯೊಂದು ತೆರೆಯಿತು. ಹೊಟ್ಟೆ ತೆರೆದೇ ಮಾಡಬೇಕಾಗಿ ಬಂದರೆ ಅಂಟಿದ ಕರುಳನ್ನೂ ಮೂತ್ರನಾಳವನ್ನೂ ಸುಲಿದು ಬಿಡಿಸಲು ಹೋಗಬಾರದು ಎಂಬುದು ಹಳಬರು ಪೆಟ್ಟು ತಿಂದು ಕಲಿತ ಪಾಠ.

"ಅನ್ಯೂರಿಸಂ ಸರಿಮಾಡಿದರೆ ನಾರು ಕರಗುತ್ತಾ?"

"ಬಹಳ ಜನರಲ್ಲಿ ನಿಧಾನವಾಗಿ ಇಳಿಯುತ್ತೆ. ಎಲ್ಲರಲ್ಲೂ ಅಲ್ಲ. ಹಾಗಾಗಿ ರಕ್ತನಾಳದ ಡಾಕ್ಟರು 'ನನ್ನ ಕೆಲಸ ಆಯ್ತು' ಅಂತ ಕೈ ತೊಳೆಯೋ ಹಾಗಿಲ್ಲ. ಕಿಡ್ನಿ ಸ್ಕ್ಯಾನ್, ಕ್ರಿಯಾಟಿನಿನ್ ವರ್ಷಗಟ್ಟಲೆ ನೋಡ್ತಾ ಇರಬೇಕು. ಸ್ಟೆಂಟ್ ಇದ್ದರೆ ಮೂರರಿಂದ ಆರು ತಿಂಗಳಿಗೆ ಬದಲಾಯಿಸಬೇಕು. ಮರೆತು ಬಿಟ್ಟ ಸ್ಟೆಂಟಿನ ಮೇಲೆ ಕಲ್ಲು ಕಟ್ಟಿಕೊಂಡು ಬಂದವರನ್ನ ನೋಡಿದರೆ ಹೊಟ್ಟೆ ಉರಿಯುತ್ತೆ."

ಸ್ಟೆಂಟಿನ ಮಾತು ಬಂದಾಗ ಅವರ ದನಿ ಬದಲಾಯಿತು. ಮೂತ್ರನಾಳ ಇಲಿಯಾಕ್ ಅಪಧಮನಿಯನ್ನು ದಾಟುವ ಜಾಗಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದರು. ಇಲ್ಲಿ ರಕ್ತನಾಳ ಉಬ್ಬಿದ್ದರೆ, ಅಥವಾ ಹಿಂದೆ ಕೃತಕ ನಾಳ ಹೊಲಿದಿದ್ದರೆ, ಅಥವಾ ಗರ್ಭಕೋಶದ ಕೊರಳಿನ ಕ್ಯಾನ್ಸರಿನಂಥದ್ದಕ್ಕೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಅದರ ಮೇಲೆ ಮೂತ್ರನಾಳದೊಳಗೆ ಗಡುಸಾದ ಸ್ಟೆಂಟ್ ತಿಂಗಳುಗಟ್ಟಲೆ ಕೂತಿದ್ದರೆ, ಅಪಧಮನಿಯ ಪ್ರತಿ ಬಡಿತಕ್ಕೂ ಎರಡು ಗೋಡೆಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಕೊನೆಗೊಂದು ದಿನ ನಡುವೆ ತೂತು ಬೀಳುತ್ತದೆ. ಅಪಧಮನಿಯ ರಕ್ತ ನೇರವಾಗಿ ಮೂತ್ರನಾಳಕ್ಕೆ.

ಅಪರೂಪದ ಸಂಗತಿ, ಆದರೆ ಹೊಸದಲ್ಲ. ಎರಡೂ ಕಡೆಯ ಮೂತ್ರನಾಳದ ಕಲ್ಲು ತೆಗೆದ ಬಳಿಕ ಉಕ್ಕಿದ ರಕ್ತ ನಿಲ್ಲಿಸಲು ಎರಡೂ ಬದಿಯ ಅಪಧಮನಿಗಳನ್ನೇ ಕಟ್ಟಬೇಕಾಗಿ ಬಂದ ರೋಗಿಯ ಬಗ್ಗೆ ಮೊಸ್ಕೊವಿಟ್ಜ್ ಎಂಬ ಅಮೆರಿಕದ ಸರ್ಜನ್ 1908ರಲ್ಲಿ ಬರೆದಿದ್ದರು. ಈಗ ಇದು ಹೆಚ್ಚಾಗಿ ಬಯಲಾಗುವುದು ಸ್ಟೆಂಟ್ ಬದಲಾಯಿಸುವ ಟೇಬಲ್ಲಿನ ಮೇಲೆ: ಹಳೆಯದನ್ನು ಎಳೆದ ಕೂಡಲೇ ಕೆಂಪು ರಕ್ತ ಚಿಮ್ಮುತ್ತದೆ.

"ಅದಕ್ಕೆ ಮೊದಲು ಸುಳಿವೇ ಇರಲ್ವ?"

"ಇರುತ್ತೆ. ಒಂದು ದಿನ ಮೂತ್ರ ಪೂರ್ತಿ ರಕ್ತ, ಮೂರು ದಿನ ತಿಳಿ, ಮತ್ತೆ ರಕ್ತ. ಹೆಪ್ಪು ತೂತಿಗೆ ಅಡ್ಡ ಕೂತಾಗ ನಿಲ್ಲುತ್ತೆ. ಆಗ ಸಿ.ಟಿ. ತೆಗೆದರೆ ಏನೂ ಕಾಣದೆ ಹೋಗಬಹುದು. ಸ್ಕ್ಯಾನ್ ಸರಿ ಇದೆ ಅಂತ ಮನೆಗೆ ಕಳಿಸಿದರೆ ಮುಂದಿನ ಸಲ ಕರೆತರೋಕೆ ಆಗಲ್ಲ. ಸ್ಟೆಂಟ್ ಇದೆ, ಸೊಂಟದಲ್ಲಿ ಹಳೇ ಆಪರೇಷನ್ನೋ ರೇಡಿಯೇಷನ್ನೋ ಆಗಿದೆ, ಬಿಟ್ಟು ಬಿಟ್ಟು ರಕ್ತ ಹೋಗ್ತಿದೆ ಅಂದರೆ ಸ್ಟೆಂಟ್ ಮುಟ್ಟೋ ಮೊದಲು ರಕ್ತನಾಳದವರನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಸಿದ್ಧವಾಗಿದ್ದರೆ ತೊಡೆಯಿಂದ ಹೋಗಿ ಹೊದಿಕೆಯ ಸ್ಟೆಂಟ್ ಕೂರಿಸಿ ತೂತು ಮುಚ್ಚಬಹುದು."

ಇಲಿಯಾಕ್ ಅಪಧಮನಿಯೊಂದೇ ಉಬ್ಬುವುದೂ ಉಂಟು. ಅದು ಸೊಂಟದ ಆಳದಲ್ಲಿ ಅಡಗಿರುವುದರಿಂದ ಹೊಟ್ಟೆ ಒತ್ತಿ ನೋಡಿದರೆ ಸಿಗುವುದಿಲ್ಲ. ದೊಡ್ಡದಾಗಿ ಮೂತ್ರಕೋಶವನ್ನು ಒತ್ತಿದಾಗ ಮೂತ್ರ ಕಟ್ಟುತ್ತದೆ. ವಯಸ್ಸಾದ ಗಂಡಸಲ್ಲವೇ, ಪ್ರಾಸ್ಟೇಟ್ ಎಂದು ಮಾತ್ರೆ ಶುರುವಾಗುತ್ತದೆ. ಪ್ರಾಸ್ಟೇಟ್ ನೋಡಲು ಗುದದ್ವಾರದಲ್ಲಿ ಬೆರಳಿಟ್ಟ ವೈದ್ಯರಿಗೆ ಅಲ್ಲಿ ಮಿಡಿಯುವ ಗಂಟು ಸಿಕ್ಕು ರೋಗ ಗೊತ್ತಾದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿವೆ. ಆ ಬೆರಳಿನ ಪರೀಕ್ಷೆಯನ್ನು ಸಂಕೋಚಕ್ಕೋ ಅವಸರಕ್ಕೋ ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು.

ಇನ್ನೂ ಅಪರೂಪದ್ದೊಂದಿದೆ. ಎಡ ಮೂತ್ರಪಿಂಡದ ಅಭಿಧಮನಿ ಸಾಮಾನ್ಯವಾಗಿ ಮಹಾಪಧಮನಿಯ ಮುಂದೆ ಹಾಯುತ್ತದೆ. ನೂರರಲ್ಲಿ ಎರಡು ಮೂರು ಜನರಲ್ಲಿ ಅದು ಹಿಂದೆ ಹಾಯುತ್ತದೆ. ಅಂಥವರಲ್ಲಿ ಅನ್ಯೂರಿಸಂ ಬೆಳೆದು ಆ ಅಭಿಧಮನಿಯೊಳಕ್ಕೆ ಕೊರೆದರೆ ಎಡ ಪಕ್ಕೆ ನೋಯುತ್ತದೆ, ಮೂತ್ರದಲ್ಲಿ ರಕ್ತ ಬರುತ್ತದೆ, ಎಡ ಕಿಡ್ನಿ ಕೆಲಸ ನಿಲ್ಲಿಸುತ್ತದೆ. ಸ್ಟೆತಾಸ್ಕೋಪು ಹೊಟ್ಟೆಗಿಟ್ಟರೆ ಭೋರೆನ್ನುವ ಸದ್ದು ಕೇಳಬಹುದು.

ಮೇಷ್ಟ್ರು ಎದ್ದು ಒಳಗೆ ಹೋಗಿ ಮಾತ್ರೆಯ ಡಬ್ಬಿ ತಂದರು. ಉರಿಮೂತ್ರಕ್ಕೆಂದು ಮೆಡಿಕಲ್ ಸ್ಟೋರಿನವರು ಆಗಾಗ ಕೊಡುತ್ತಿದ್ದ ಮಾತ್ರೆಯ ಪಟ್ಟಿ ಅದರಲ್ಲಿತ್ತು: ಸಿಪ್ರೋಫ್ಲಾಕ್ಸಾಸಿನ್. ವೈದ್ಯೆ ಅದನ್ನು ಎತ್ತಿ ಪಕ್ಕಕ್ಕಿಟ್ಟರು.

"ಇದನ್ನ ನೀವಾಗಿ ನೀವು ಇನ್ನು ತಗೋಬಾರದು ಮೇಷ್ಟ್ರೇ."

"ಯಾಕಮ್ಮ? ಎಲ್ಲರೂ ತಗೊಳ್ತಾರಲ್ಲ?"

ಸಿಪ್ರೋಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಒಂದೇ ಕುಟುಂಬದ ಔಷಧಿಗಳು. ಇವು ಸ್ನಾಯುರಜ್ಜುಗಳನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡಬಲ್ಲವು ಎಂಬುದು ಹಿಂದಿನಿಂದ ಗೊತ್ತಿತ್ತು. ರಜ್ಜುವಿಗೂ ಮಹಾಪಧಮನಿಯ ಗೋಡೆಗೂ ಬಲ ಕೊಡುವುದು ಕೊಲಾಜೆನ್. 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು: ಮಹಾಪಧಮನಿಯ ಅನ್ಯೂರಿಸಂ ಇರುವವರಿಗೆ, ಬರುವ ಅಪಾಯ ಹೆಚ್ಚಿರುವವರಿಗೆ, ಬೇರೆ ಔಷಧಿಯೇ ಇಲ್ಲ ಎನ್ನುವ ಸಂದರ್ಭ ಬಿಟ್ಟು ಇವನ್ನು ಕೊಡಬಾರದು. ಅಪಾಯ ಎಷ್ಟು ದೊಡ್ಡದು ಎಂಬ ಬಗ್ಗೆ ಆಮೇಲಿನ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ಬೇರೆ ಮಾತ್ರೆ ಇರುವಾಗ ಉಬ್ಬಿದ ರಕ್ತನಾಳದವರು ಈ ಅಪಾಯಕ್ಕೆ ಕೈ ಹಾಕಬೇಕಾದ ಕಾರಣವೇ ಇಲ್ಲ. ಮೂತ್ರದ ಸೋಂಕಿಗೆ ಚೀಟಿಯಿಲ್ಲದೆ ಸಿಪ್ರೋ ನುಂಗುವುದು ಮಾಮೂಲಾಗಿರುವ ನಮ್ಮ ಊರುಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಲೇಬೇಕು.

ಮೂತ್ರದ ಚಿಕಿತ್ಸೆ ರಕ್ತನಾಳವನ್ನು ಮುಟ್ಟುವ ಇನ್ನೊಂದು ಉದಾಹರಣೆ ಮೂತ್ರಕೋಶದ ಕ್ಯಾನ್ಸರ್ ಚಿಕಿತ್ಸೆಯ 1976ರ ಬಳಿಕದ ಕಥೆ. ಕ್ಷಯ ತಡೆಯಲು ಮಕ್ಕಳಿಗೆ ಹಾಕುವ ಬಿಸಿಜಿ ಲಸಿಕೆಯನ್ನು ಮೂತ್ರಕೋಶದೊಳಗೆ ತುಂಬಿಸಿ ಅಲ್ಲಿನ ಕ್ಯಾನ್ಸರನ್ನು ಹತೋಟಿಗೆ ತರಬಹುದೆಂದು ಕೆನಡಾದ ಆಲ್ವಾರೊ ಮೊರಾಲೆಸ್ ಆ ವರ್ಷ ತೋರಿಸಿದರು. ಇವತ್ತಿಗೂ ಅದು ಅಮೂಲ್ಯ ಚಿಕಿತ್ಸೆ. ತೀರ ಅಪರೂಪಕ್ಕೆ ಆ ಜೀವಂತ ರೋಗಾಣು ರಕ್ತಕ್ಕೆ ಸೇರಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಹಾಪಧಮನಿಯ ಗೋಡೆಯನ್ನು ತಿಂದು ಅನ್ಯೂರಿಸಂ ಮಾಡಿದ ದಾಖಲೆಗಳಿವೆ. ಬಿಸಿಜಿ ಪಡೆದವರಿಗೆ ಆಮೇಲೆ ಬಿಡದ ಜ್ವರ, ಬೆನ್ನುನೋವು ಬಂದರೆ ಹಳೆಯ ಚಿಕಿತ್ಸೆಯ ವಿಚಾರವನ್ನು ವೈದ್ಯರಿಗೆ ಹೇಳಬೇಕು.

"ಮುಂದೆ ನನಗೆ ಆಪರೇಷನ್ ಬೇಕಾಯ್ತು ಅಂತಿಟ್ಕೊ. ಆಗ ಕಿಡ್ನಿಗೆ ಏನಾದರೂ ಆಗುತ್ತಾ?"

"ಆಗಬಹುದು. ಅದಕ್ಕೇ ನಾವು ಆಪರೇಷನ್ ಆದ ಮೇಲೆ ಮೊದಲು ಕಣ್ಣು ಹಾಯಿಸೋದು ಮೂತ್ರದ ಚೀಲದ ಮೇಲೆ. ಅರವತ್ತು ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ. ಆದರೂ ಬರಬೇಕು. ಸ್ಟೆಂಟ್ ಕೂರಿಸುವಾಗ ಚುಚ್ಚೋ ಡೈ ಕಿಡ್ನಿಗೆ ಭಾರ. ರಕ್ತನಾಳದೊಳಗಿನ ಕೊಬ್ಬಿನ ಚೂರು ಸಿಡಿದು ಕಿಡ್ನಿಗೆ ಹೋಗಿ ಕೂರಬಹುದು. ಹೊಟ್ಟೆ ತೆರೆದು ಕೃತಕ ನಾಳ ಜೋಡಿಸುವಾಗ ಅದನ್ನ ಮೂತ್ರನಾಳದ ಹಿಂದೆ ಹಾಯಿಸಬೇಕು, ಮುಂದೆ ಹಾಯಿಸಿದರೆ ಮೂತ್ರನಾಳ ನಡುವೆ ಸಿಕ್ಕಿಕೊಳ್ಳುತ್ತೆ. ಇನ್ನು ಐನೂರರಲ್ಲಿ ಒಬ್ಬರಿಗೆ ಹುಟ್ಟಿನಿಂದ ಎರಡು ಕಿಡ್ನಿ ಕೂಡಿಕೊಂಡು ಕುದುರೆ ಲಾಳದ ಆಕಾರ ಇರುತ್ತೆ. ಕೂಡಿದ ಭಾಗ ಸರಿಯಾಗಿ ಮಹಾಪಧಮನಿಯ ಮುಂದೆ ಅಡ್ಡ ಬರುತ್ತೆ. ನಿಮಗೆ ಅದಿಲ್ಲ, ವರದಿಯಲ್ಲಿ ಇದೆ ನೋಡಿ."

ಮೇಷ್ಟ್ರಿಗೆ ತಮ್ಮನೊಬ್ಬರಿದ್ದಾರೆ, ಅರವತ್ತಾರು ವರ್ಷ. ಅವರು ಬೀಡಿ ಇನ್ನೂ ಬಿಟ್ಟಿಲ್ಲ. ಒಡಹುಟ್ಟಿದವರಲ್ಲಿ, ತಂದೆಯಲ್ಲಿ ಇದ್ದರೆ ಈ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ತಿಳಿದಾಗ ಅವರು ಆ ಕ್ಷಣವೇ ಫೋನ್ ಎತ್ತಿಕೊಳ್ಳಲು ಹೋದರು. "ಅವನಿಗೇನೂ ನೋವಿಲ್ಲ, ಬರೋದಿಲ್ಲ ಅಂತಾನೆ," ಎಂದು ತಮಗೆ ತಾವೇ ಹೇಳಿಕೊಂಡರು.

"ನಿಮಗೂ ನೋವಿರಲಿಲ್ಲ ಅಂತ ಹೇಳಿ," ಎಂದರು ವೈದ್ಯೆ.

ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ತುಂಬಿದ ವರ್ಷ ಸರ್ಕಾರಿ ಆರೋಗ್ಯ ಸೇವೆಯಿಂದಲೇ ಪತ್ರ ಬರುತ್ತದೆ: ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬನ್ನಿ ಎಂದು. ಅದಕ್ಕೆ ಆಧಾರ 65ರಿಂದ 74 ವರ್ಷದ ಸುಮಾರು 67,800 ಗಂಡಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗ. ಸ್ಕ್ಯಾನಿಂಗ್‌ಗೆ ಕರೆದ ಗುಂಪಿನಲ್ಲಿ ಅನ್ಯೂರಿಸಂನಿಂದ ಆದ ಸಾವು ನಾಲ್ಕು ವರ್ಷದಲ್ಲಿ ಶೇಕಡಾ 42ರಷ್ಟು ಇಳಿದಿತ್ತು. ಅಮೆರಿಕದಲ್ಲಿ 65ರಿಂದ 75ರೊಳಗಿನ, ಎಂದಾದರೂ ಧೂಮಪಾನ ಮಾಡಿದ ಗಂಡಸರಿಗೆ ಒಂದು ಸಲ ಸ್ಕ್ಯಾನ್ ಮಾಡಿಸಿ ಎಂದು ಶಿಫಾರಸು ಇದೆ. ಭಾರತದಲ್ಲಿ ಅಂಥ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ಆದರೆ ಕಲ್ಲಿಗೆ, ಪ್ರಾಸ್ಟೇಟಿಗೆ, ಉರಿಮೂತ್ರಕ್ಕೆ ಅಂತ ನಮ್ಮ ಹಿರಿಯರು ದಿನವೂ ಸ್ಕ್ಯಾನಿಂಗ್ ಕೊಠಡಿಗಳ ಮುಂದೆ ಸಾಲು ನಿಲ್ಲುತ್ತಿದ್ದಾರೆ. ಜೆಲ್ಲಿ ಹಚ್ಚಿಯಾಗಿದೆ, ಯಂತ್ರ ಚಾಲೂ ಇದೆ. ಪಕ್ಕೆಯಿಂದ ನಡುಹೊಟ್ಟೆಗೆ ಸರಿದು ಮಹಾಪಧಮನಿಯನ್ನು ಅಳೆಯಲು ಬೇಕಾದದ್ದು ಇನ್ನೊಂದೆರಡು ನಿಮಿಷ. ಕೆಲವರು ಅದನ್ನು ಮಾಡುತ್ತಾರೆ, ಚೀಟಿಯಲ್ಲಿ ಬರೆದಿಲ್ಲವೆಂದು ಬಿಡುವವರೂ ಇದ್ದಾರೆ.

ಆದ್ದರಿಂದ ಮೂತ್ರದ ತೊಂದರೆಗೆ ಚೀಟಿ ಬರೆಯುವ ವೈದ್ಯರು, ಅರವತ್ತು ದಾಟಿದ ಗಂಡಸರ ಚೀಟಿಯಲ್ಲಿ ಮಹಾಪಧಮನಿ ಎಂಬ ಒಂದು ಪದ ಸೇರಿಸಲಿ. ಅವರು ಮರೆತರೆ ನೀವೇ ಕೇಳಿ. ಬೀಡಿ ಸಿಗರೇಟು ಸೇದಿದ ಅಪ್ಪ, ಅಣ್ಣ, ತಮ್ಮ, ಗಂಡನನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದಾಗ, "ಡಾಕ್ಟ್ರೇ, ಮಹಾಪಧಮನಿಯನ್ನೂ ಒಂದು ಸಲ ಅಳೆದು ಬರೆಯಿರಿ" ಎಂದು ಬಾಯಿಬಿಟ್ಟು ಹೇಳಿ.